ಎಬ್ಬಿಸುವ ಪದ

ಶಿವಕಾಂತಮ್ಮ ತೀರಿಹೋದ ಸುದ್ದಿ ಬಂದಾಗ ಅಣವೀರಪ್ಪನ ಕಣ್ಣ ಮುಂದೆ ಬಂದು ನಿಂತದ್ದು ಆಕೆಯ ಮುಖವಲ್ಲ, ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ಟಿನ ಮೇಲಿನ ಮುಖ. ಎರಡೂ ಒಂದೇ ಮುಖ, ಅದು ಬೇರೆ ಮಾತು. ಆದರೆ ಹದಿನೆಂಟನೇ ವಯಸ್ಸಿನಿಂದ ತನಗೆ ರೊಟ್ಟಿ ತಟ್ಟಿ ಹಾಕಿದ ಹೆಂಗಸು ಸತ್ತಳೆಂದರೆ ಆಕೆ ಒಲೆಯ ಮುಂದೆ ಕೂತದ್ದು ನೆನಪಾಗಬೇಕು, ಸೆರಗಿನಿಂದ ಹೊಗೆ ಹೊಡೆಯುತ್ತ ಬೈದದ್ದು ನೆನಪಾಗಬೇಕು. ಅದೆಲ್ಲ ಬಿಟ್ಟು, ಹೊಳೆಯುವ ಕೆಂಪು ಪ್ಲಾಸ್ಟಿಕ್ಕಿನ ಮೇಲೆ ನಗುತ್ತಿದ್ದ, ಕೆಳಗೆ ‘ಕೆಂಪವ್ವ’ ಎಂದು ಯಾವುದೋ ಹೆಸರು ಬರೆದಿದ್ದ ಮುಖ ಬಂತಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ನಂದೂರಿನ ದಾಲ್ ಮಿಲ್ಲಿನ ಅಂಗಳದಲ್ಲಿ ತೊಗರಿ ಚೀಲದ ಲಾರಿ ಇಳಿಯುತ್ತಿತ್ತು. ಮುಕಾದಮನಾದ ಅವನು ಹಮಾಲರ ಮೇಲೆ ಒದರುತ್ತ ನಿಂತಿದ್ದ. ಒದರುವ ಬಾಯಿ ತೆರೆದೇ ಉಳಿಯಿತು. ಫೋನಿನ ಆಚೆ ಶಿವಕಾಂತಮ್ಮನ ಮಗಳು ಸುನಂದಾ ಅಳದೆ, ಓದಿ ಹೇಳಿದ ಹಾಗೆ ಹೇಳಿದ್ದಳು: “ಅಣ್ಣಾ, ಅವ್ವ ಹೋದ್ಳು. ಮುಂಜಾನಿ ಚಾ ಕುಡದು ಗ್ವಾಡಿಗಿ ಆತು ಕೂತಿದ್ಳು, ಕೂತಂಗೇ ಹೋಗ್ಯಾಳ. ನಾಕಕ್ಕ ಎತ್ತತಾರ. ಬರ್ರಿ.” ಬರ್ರಿ ಅಂದಳು. ಬಂದು ಹಾಡ್ರಿ ಅನ್ನಲಿಲ್ಲ. ತಾಳ ತಗೊಂಡು ಬರ್ರಿ ಅನ್ನಲಿಲ್ಲ. ಒಬ್ಬ ಹಮಾಲನ ಜೇಬಿನೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಅದರಿಂದ ಅಣವೀರಪ್ಪನದೇ ದನಿ ಎದ್ದು ಮಿಲ್ಲಿನ ಗದ್ದಲದ ಮೇಲೆ ಹರಿಯಿತು. “ಏಳವ್ವ ಏಳ, ಹೊತ್ತು ಬಾಗಿಲಿಗಿ ಬಂತ.” “ಬಂದ್ ಮಾಡಲೇ ಅದನ್ನ!” ಎಂದು ಅವನು ಕಿರುಚಿದ ರೀತಿಗೆ ಹಮಾಲ ಹೆಗಲ ಮೇಲಿದ್ದ ಚೀಲವನ್ನೇ ಕೆಡವಿದ.

ಕಮಲಾಪುರದ ಭಜನೆ ಮೇಳ ಶಿವಕಾಂತಮ್ಮನ ಗಂಡ ಕಟ್ಟಿದ್ದು. ಅವರನ್ನು ಎಲ್ಲರೂ ಗುರುಗಳು ಅನ್ನುತ್ತಿದ್ದರು, ಅಣವೀರಪ್ಪನೂ ಹಾಗೆಯೇ. ಸಾವಿನ ಮನೆಗೆ ಹೋಗಿ ಹೆಣದ ಮುಂದೆ ಕೂತು ಹಾಡುವುದು ಮೇಳದ ಕೆಲಸ. ಹೆಣಕ್ಕೆ ಮೈ ತೊಳೆದು ವಿಭೂತಿ ಹಚ್ಚಿ ಗೋಡೆಗೆ ಕೂಡಿಸಿರುತ್ತಾರೆ. ಅಲ್ಲಿಂದ ಎತ್ತಿ ಬಿದಿರಿನ ವಿಮಾನದಲ್ಲಿ ಕೂಡಿಸುವ ಆ ಗಳಿಗೆಯಲ್ಲಿ ಹಾಡಲಿಕ್ಕೆ ಅವರಲ್ಲಿ ಒಂದು ಪದ ಇತ್ತು. ಮೂರೇ ಸಾಲು. ಮೂರನೆಯ ಸಾಲಿನಲ್ಲಿ ಒಂದು ಜಾಗ ಖಾಲಿ, ಅಲ್ಲಿ ಸತ್ತವರ ಹೆಸರು. ಅದಕ್ಕೆ ಎಬ್ಬಿಸುವ ಪದ ಅನ್ನುತ್ತಿದ್ದರು. ಮನೆಯಲ್ಲಿ ಹಾಡುವಂತಿಲ್ಲ, ರೂಢಿಗೆಂದು ಗುನುಗುವಂತಿಲ್ಲ, ಹೆಣದ ಮುಂದೆಯೇ ಕಲಿಯಬೇಕು. ಒಬ್ಬರಿಗೆ ಒಂದೇ ಸಲ. ಆ ಮೂರು ಸಾಲು ಪೂರ್ತಿ ಗಂಟಲಿಗೆ ಇಳಿಯುವಷ್ಟರಲ್ಲಿ ಅಣವೀರಪ್ಪ ಹನ್ನೊಂದು ಹೆಣ ನೋಡಿದ್ದ. ಗುರುಗಳನ್ನು ಎಬ್ಬಿಸಿದವನೂ ಅವನೇ. ಅವತ್ತು ಮಣ್ಣು ಮಾಡಿ ಬಂದು ಸ್ನಾನ ಮಾಡಿ ಕೂತಾಗ ಶಿವಕಾಂತಮ್ಮ ಚಹದ ಕಪ್ಪು ಮುಂದಿಟ್ಟು ಹೇಳಿದ್ದಳು: “ನನ್ನ ನೀನೇ ಎಬ್ಬಸಬೇಕಲೇ ಅಣವೀರ. ಬ್ಯಾರೆಯವರ ದನಿಗಿ ನಾ ಏಳಾಕಿ ಅಲ್ಲ.” ಆಗ ಇಬ್ಬರೂ ನಕ್ಕಿದ್ದರು. ಈಗ ಮಿಲ್ಲಿನಿಂದ ಬಸ್ ಸ್ಟ್ಯಾಂಡಿಗೆ ಬರುವ ಆಟೋದಲ್ಲಿ ಆ ನಗು ಎಲ್ಲಿಂದಲೋ ಬಂದು ಕಿವಿಗೆ ಹೊಕ್ಕಿತು. ಅವನು ಆಟೋದವನ ಮೇಲೆ ಸುಮ್ಮಸುಮ್ಮನೆ ರೇಗಿದ.

ಹುಮನಾಬಾದ್ ಕಡೆಯ ಬಸ್ಸಿನಲ್ಲಿ ಶಬ್ಬೀರ್ ಮೊದಲೇ ಸೀಟು ಹಿಡಿದಿದ್ದ. ಮೇಳದಲ್ಲಿ ಢೋಲಕ್ ಬಾರಿಸುವವನು, ಬ್ರಹ್ಮಪುರದಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವನು, ಅಣವೀರಪ್ಪನ ಸಿಟ್ಟಿಗೆ ಮೂವತ್ತು ವರ್ಷದಿಂದ ಹೆದರದೆ ಉಳಿದವನು ಅವನೊಬ್ಬನೇ. ತೊಡೆಯ ಮೇಲೆ ಢೋಲಕ್ ಇತ್ತು. “ತಾಳ ತಂದಿಯೇನು?” ಎಂದು ಕೇಳಿದ. ಅಣವೀರಪ್ಪ ಚೀಲ ತಟ್ಟಿ ತೋರಿಸಿದ. “ಹಾಡು ಅಂದಾಳೇನು ಸುನಂದಾ?” ಅಣವೀರಪ್ಪ ಕಿಟಕಿಯ ಕಡೆ ತಿರುಗಿದ. ಬಸ್ಸು ಊರು ದಾಟಿತು. ಮೂರು ತಿಂಗಳಿಂದ ಈ ದಾರಿ ಹಿಡಿದಿರಲಿಲ್ಲ. ಮಿಲ್ಲಿನಲ್ಲಿ ಸೀಜನ್ ಅಂದ, ಹೆಂಡತಿಗೆ ಆರಾಮಿಲ್ಲ ಅಂದ, ಫೋನು ಎತ್ತಲಿಲ್ಲ, ಎತ್ತಿದರೆ ದನಿ ಕಟ್ಟಾಗ್ತದ ಎಂದು ಸುಳ್ಳು ಹೇಳಿ ಇಟ್ಟ. ಹೋದರೆ ಶಿವಕಾಂತಮ್ಮ ‘ಆ ಪದ ಯಾಕ ಹಾಡಿದಿ’ ಎಂಬ ಒಂದೇ ಮಾತು ಕೇಳುತ್ತಿದ್ದಳು. ಈಗ ಕೇಳುವವಳೂ ಇಲ್ಲ. ಹಾಗೆ ಅನ್ನಿಸಿದ ಕೂಡಲೇ ಎದೆಯ ಮೂಲೆಯಲ್ಲಿ ಒಂದಿಷ್ಟು ಹಗುರಾಯಿತು. ಹಗುರಾದದ್ದು ಗೊತ್ತಾಗಿ ಅವನು ಸೀಟಿನಲ್ಲೇ ಬೆಚ್ಚಿಬಿದ್ದ. ಥೂ, ಇದೇನು ಮನುಷ್ಯ ನಾನು ಎಂದುಕೊಂಡ.

ಮುಂದಿನ ಸೀಟಿನ ಹೆಂಗಸು ಎರಡು ಸಲ ಹೊರಳಿ ನೋಡಿದಳು, ಮೂರನೆಯ ಸಲ ಬಾಯಿಬಿಟ್ಟಳು. “ನೀವು ಕೆಂಪವ್ವನ ಹಾಡಿನವರಲ್ರಿ? ಅಯ್ಯ, ಅವರೇ ನೋಡು!” ಎಂದು ಬದಿಯಲ್ಲಿದ್ದ ಮಗಳಿಗೆ ತಿವಿದಳು. ಮಗಳು ಆಗಲೇ ಫೋನು ತೆಗೆದಿದ್ದಳು. ಬಸ್ಸಿನ ತುಂಬ ಅವನ ದನಿ ಎದ್ದಿತು. ಪರದೆಯ ಮೇಲೆ ಕಂಬಳಿ ಹೊದ್ದ, ಕನ್ನಡಕವಿಲ್ಲದ ಅಣವೀರಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದ. ಅವನ ಎದುರು ಗೋಡೆಗೆ ಆತು ಕೂತ ಮುದುಕಿ, ಹಣೆ ತುಂಬ ವಿಭೂತಿ, ಮಡಿಲಲ್ಲಿ ಕೆಂಪು ಬಾಳೆಯ ಚಿಪ್ಪು. “ಏಳು ಕೆಂಪವ್ವ, ನಿನ್ನ ಮನಿ ನಿನಗ ಹಗುರಾತು.” ಆಮೇಲೆ ಪ್ಯಾಕೆಟ್ಟು. “ನಿಮ್ಮ ತಾಯೇನ್ರಿ ಆಕಿ?” ಎಂದು ಹೆಂಗಸು ಕೇಳಿದಳು. “ಹೌದ್ರಿ” ಎಂದ ಅಣವೀರಪ್ಪ. ಅಂದದ್ದು ಬಾಯಿ, ತಾನಲ್ಲ ಎಂಬಂತೆ ಆ ಮಾತು ಹೊರಗೆ ಬಿತ್ತು. “ಅದಕ್ಕೇ ನೋಡ್ರಿ, ಖರೇ ಇದ್ದವರ ಹಾಡು ಕೇಳಿದ ಕೂಡ್ಲೇ ತಿಳೀತದ. ಉಳಿದವ್ರೆಲ್ಲ ಬರೇ ನಾಟಕ ಮಾಡ್ತಾರ. ಇದನ್ನ ಕೇಳಿ ನಮ್ಮ ಅತ್ತಿ ಎರಡು ದಿನ ಅತ್ತಾಳ.” ಮಗಳು ಎದ್ದು ಬಂದು ಪಕ್ಕದಲ್ಲಿ ಮುಖವಿಟ್ಟು ಫೋಟೊ ತೆಗೆದುಕೊಂಡಳು. ಅಣವೀರಪ್ಪ ಕನ್ನಡಕ ತೆಗೆದ. ಯಾರೂ ತೆಗೆ ಅಂದಿರಲಿಲ್ಲ. ಶಬ್ಬೀರ್ ಕಿವಿಯ ಹತ್ತಿರ ಬಂದು, “ನಿನ್ನ ತಾಯಿ ಹೆಸರು ಗುರುಬಸವ್ವ ಅಲ್ಲೇನಪಾ? ಯಾವಾಗ ಬದಲಿ ಮಾಡಿಸಿದಿ?” ಎಂದ. “ಮುಚ್ಚು ಬಾಯಿ” ಎಂದ ಅಣವೀರಪ್ಪನ ಕೈಯಲ್ಲಿ ಕನ್ನಡಕ ಇನ್ನೂ ಹಾಗೆಯೇ ಇತ್ತು.

ಕನ್ನಡಕ ತೆಗೆಸಿದವಳು ಪದ್ಮಜಾ. ಬ್ರಹ್ಮಪುರದ ಹುಡುಗಿ, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಚಿಪ್ಸ್ ಕಂಪನಿಗೆ ವಿಡಿಯೊ ಮಾಡಿಕೊಡುವ ಕೆಲಸ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಎರಡು ಬೈದು ಮುಗಿಸಬಹುದಿತ್ತು ಎಂದು ಅಣವೀರಪ್ಪ ಎಷ್ಟೋ ಸಲ ಅಂದುಕೊಂಡಿದ್ದ. ಕಮಲಾಪುರದ ಅಂಗಳಕ್ಕೆ ಅವಳನ್ನು ಕರೆದೊಯ್ದವನು ಅವನೇ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟಳು, ಶಿವಕಾಂತಮ್ಮನ ಕಾಲು ಮುಟ್ಟಿದಳು, ಕೊಟ್ಟ ರೊಟ್ಟಿ ಕೂತು ತಿಂದಳು. ಆಮೇಲೆ ಎದ್ದು ಮನೆಯನ್ನು ಹಳೆಯದು ಮಾಡತೊಡಗಿದಳು. ಪ್ಲಾಸ್ಟಿಕ್ ಕುರ್ಚಿ ಒಳಗೆ ಹೋಯಿತು. ಟಿವಿಯ ಮೇಲೆ ಕೌದಿ ಬಿತ್ತು. ಗ್ಯಾಸಿನ ಸಿಲಿಂಡರು ಹಿತ್ತಲಿಗೆ ಹೋಯಿತು. ಆರು ವರ್ಷದಿಂದ ಹೊತ್ತಿಸದ ಒಲೆಗೆ ಬೆಂಕಿ ಬಂತು. ಬಾಜೂಮನೆಯ ಆಕಳನ್ನು ತಂದು ಕಟ್ಟಿದರು. “ಕಾಕಾ, ವಾಚ್ ತೆಗೀರಿ. ಕನ್ನಡಕಾನೂ ಬ್ಯಾಡ್ರಿ. ಶರ್ಟ್ ಭಾಳ ಇಸ್ತ್ರಿ ಆಗ್ಯದ, ಒಂದು ಕಂಬಳಿ ಸಿಗ್ತದೇನ್ರಿ?” ಕಂಬಳಿ ಯಾರಲ್ಲೂ ಇರಲಿಲ್ಲ, ಕುರುಬರ ಓಣಿಯಿಂದ ಕೇಳಿ ತಂದರು. ಏಪ್ರಿಲ್ ತಿಂಗಳ ಬಿಸಿಲಲ್ಲಿ ಅಣವೀರಪ್ಪ ಕಂಬಳಿ ಹೊದ್ದು ಕೂತ. ಅವನು ಹಾಡಿದ್ದು ಅವತ್ತು ಬೇರೆ ಪದ, ದಿನವೂ ಹಾಡುವ ಸಾದಾ ಪದ. “ಭಾಳ ಛಂದ ಆತ್ರಿ. ಆದ್ರ ಕಾಕಾ, ಭಾಳ ತಯಾರಾಗ್ಯದ. ಒಂಚೂರು ತಪ್ಪು ಇರಲಿ. ನಡುವ ಕೆಮ್ಮು ಬಂದ್ರ ತಡೀಬ್ಯಾಡ್ರಿ. ತಪ್ಪು ಇದ್ರೇ ಮಂದಿಗಿ ಖರೇ ಅನಸ್ತದ.” ಮೂವತ್ತು ವರ್ಷ ತಪ್ಪು ತಿದ್ದಿಕೊಂಡ ಗಂಟಲಿನಿಂದ ಅವನು ತಪ್ಪು ತೆಗೆಯಲು ನೋಡಿದ. ಕೆಮ್ಮಿದ. ಎಂಟು ಸಲ ಕೆಮ್ಮಿದ ಮೇಲೆ ಒಂದು ಕೆಮ್ಮು ಅವಳಿಗೆ ಒಪ್ಪಿಗೆಯಾಯಿತು. ಗೋಡೆಗೆ ಆತು ಕೂತ ಶಿವಕಾಂತಮ್ಮ ಇದನ್ನೆಲ್ಲ ನೋಡಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಿದ್ದಳು. “ಏ ಹುಡುಗಿ, ನನ್ನ ಮಾರಿ ತಗೊಂಡು ಏನ್ ಮಾಡ್ತಿ? ಹರೇದಾಗ ಬರಬೇಕಿತ್ತು ನೀ.” ಆ ನಗುವೇ ಪ್ಯಾಕೆಟ್ಟಿಗೆ ಹೋಯಿತು. ಕೆಂಪವ್ವ ಎಂಬ ಹೆಸರಿನವಳು ಯಾರೂ ಇಲ್ಲ, ಎಂದೂ ಇರಲಿಲ್ಲ. ಆದರೆ ಪ್ಯಾಕೆಟ್ಟಿನ ಹಿಂದೆ ಅವಳ ಕತೆ ಇತ್ತು: ಕಮಲಾಪುರದ ಕೆಂಪವ್ವ ಮೊಮ್ಮಕ್ಕಳಿಗೆಂದು ಕಟ್ಟಿಗೆ ಒಲೆಯ ಮೇಲೆ ಕೆಂಪು ಬಾಳೆ ಕರಿದದ್ದು, ಕರಿಯುತ್ತ ಹಾಡಿದ್ದು.

ಅಷ್ಟಕ್ಕೇ ನಿಂತಿದ್ದರೂ ನಡೆಯುತ್ತಿತ್ತು. ಎರಡು ವಾರ ಬಿಟ್ಟು ಪದ್ಮಜಾ ಅವನನ್ನು ಬ್ರಹ್ಮಪುರದ ಒಂದು ಕೋಣೆಗೆ ಕರೆದಳು. ಗೋಡೆಗೆಲ್ಲ ದಪ್ಪ ಸ್ಪಂಜು, ಒಂದು ಮೈಕು, ಗಾಳಿಯಿಲ್ಲ. ಅಂಗಳದಲ್ಲಿ ತೆಗೆದ ದನಿಯಲ್ಲಿ ಆಕಳು ಒದರಿದ್ದು ಜಾಸ್ತಿಯಾಗಿದೆ, ಇಲ್ಲಿ ಮತ್ತೆ ಹಾಡ್ರಿ ಅಂದಳು. ನಾಲ್ಕು ಪದ ಹಾಡಿದ. ಅವಳು ಪ್ರತಿ ಸಲ ತಲೆಯಾಡಿಸಿ, “ಛಂದ ಅದರಿ, ಆದ್ರ ಇಂಥಾವು ಎಲ್ಲಾರ ಹತ್ರಾನೂ ಅವ” ಎಂದಳು. ಆ ಮಾತು ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಎಲ್ಲಾರ ಹತ್ರಾನೂ! ಹಳ್ಳಿಯ ಶಾಲೆಯಲ್ಲಿ ಏಳನೇ ಈಯತ್ತೆಗೆ ಬಿಟ್ಟವನು, ಮಿಲ್ಲಿನ ಧೂಳು ಕುಡಿದು ಬದುಕಿದವನು, ತನ್ನದು ಅಂತ ಇದ್ದದ್ದು ಈ ಗಂಟಲೊಂದು. “ಯಾರೂ ಕೇಳದ್ದು ಒಂದು ಇದ್ರ ನೋಡ್ರಿ ಕಾಕಾ.” ಇದೆ, ಎಂದ ಅಣವೀರಪ್ಪ. ಆಮೇಲೆ ಎಷ್ಟೋ ರಾತ್ರಿ ಆ ಒಂದು ಮಾತನ್ನು ಹಿಂದಕ್ಕೆ ನುಂಗಲು ನೋಡಿದ್ದಾನೆ. ಆಗ ಮಾತ್ರ ಅವನಿಗೆ ಒಂದು ಉಪಾಯ ಹೊಳೆದಿತ್ತು. ಹೆಸರು ಹಾಕದೆ ಹಾಡಿದರೆ ಅದು ಎಬ್ಬಿಸುವ ಪದವೇ ಅಲ್ಲ. ಹೆಸರಿಲ್ಲದ ಮೇಲೆ ಯಾರೂ ಸತ್ತಿಲ್ಲ, ಯಾರನ್ನೂ ಎಬ್ಬಿಸಿಲ್ಲ. ಆ ಜಾಗ ಬಂದಾಗ ಬಾಯಿ ಮುಚ್ಚಿ ತೊಡೆಯ ಮೇಲೆ ಎರಡು ಏಟು ಹಾಕಿ ದಾಟಿಸಿದ. ಗುರುಗಳ ಮುಖ ನೆನಪಿಗೆ ಬಂದರೆ, ಹೆಸರು ಬಿಟ್ಟೀನಲ್ಲರೀ ಎಂದು ಹೇಳಲು ತಯಾರಿದ್ದ. ಕಣ್ಣು ತೆರೆದಾಗ ಪದ್ಮಜಾ ಗಾಜಿನ ಆಚೆ ಅಳುತ್ತಿದ್ದಳು. ಮೂವತ್ತು ವರ್ಷ ಅವನು ಆ ಪದ ಹಾಡಿದಾಗ ಅತ್ತವರೆಲ್ಲ ಸತ್ತವರಿಗಾಗಿ ಅತ್ತಿದ್ದರು. ಅವನಿಗಾಗಿ ಅತ್ತವಳು ಇವಳೊಬ್ಬಳೇ. ಮೈತುಂಬ ಬೆಚ್ಚಗೆ ಏನೋ ಹರಿಯಿತು. ಅದನ್ನು ಅವನು ಸುಳ್ಳು ಎನ್ನಲಾರ, ಹರಿಯಿತು.

ಮೊದಲ ಸಲ ವಿಡಿಯೊ ನೋಡಿದ್ದು ಮಿಲ್ಲಿನ ಗೇಟಿನಲ್ಲಿ. ಅಂಗಳದ ಚಿತ್ರಕ್ಕೆ ಕೋಣೆಯ ದನಿ ಜೋಡಿಸಿದ್ದರು. ಮೂರನೆಯ ಸಾಲು ಬಂದಾಗ ಅವನ ತೊಡೆಯ ಏಟು ಕೇಳಲಿಲ್ಲ. ಅವನ ದನಿಯೇ, ಅವನದೇ ಎಳೆತ, ಅವನದೇ ಒಡಕು, “ಏಳು ಕೆಂಪವ್ವ” ಎಂದಿತು. ಎದುರಿಗೆ ಗೋಡೆಗೆ ಕೂತ ಶಿವಕಾಂತಮ್ಮ ನಗುತ್ತಿದ್ದಳು. ಹಾಡದ ಮಾತನ್ನು ತನ್ನ ಬಾಯಿಂದ ಕೇಳಿದ ಅವನಿಗೆ ನಾಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸಿತು. ಪದ್ಮಜಾಗೆ ಫೋನು ಹಚ್ಚಿ ಒದರಿದ. “ಆ ಹೆಸರು ನಾ ಅಂದಿಲ್ಲ! ಹ್ಯಾಂಗ ಬಂತು ನನ್ನ ಬಾಯಾಗ?” “ಕಂಪ್ಯೂಟರ್ ಮಾಡ್ಯದ್ರಿ ಕಾಕಾ, ನಿಮ್ಮ ದನಿ ಕಲ್ತು. ಅಲ್ಲಿ ಜಾಗಾ ಖಾಲಿ ಇತ್ತಲ್ರಿ, ಹೆಸರಿಗಂತೇ ಬಿಟ್ಟೀರಿ ಅಂದ್ಕೊಂಡೆವು.” ಅವಳ ದನಿಯಲ್ಲಿ ನಿಜವಾದ ಗಾಬರಿ ಇತ್ತು. “ತಪ್ಪಾಗಿದ್ರ ತೆಗಸ್ತೀನ್ರಿ. ಈಗೇ ತೆಗಸ್ತೀನಿ. ಆದ್ರ ಒಮ್ಮಿ ಮಂದಿ ಏನ್ ಬರದಾರ ನೋಡ್ರಿ ಕಾಕಾ. ಆಮ್ಯಾಲ ನೀವು ತೆಗಿ ಅಂದ್ರ ತೆಗೀತೀನಿ.” ಅವನು ಮಿಲ್ಲಿನ ಪಾಯಖಾನೆಯ ಬಾಗಿಲು ಹಾಕಿಕೊಂಡು ಓದಿದ. ಇದು ಅಸಲಿ. ಇದು ಮಣ್ಣಿನ ದನಿ. ಈ ಮನುಷ್ಯನಿಗೆ ನಾಟಕ ಬರುವುದಿಲ್ಲ. ಕಣ್ಣು ತುಂಬಿತು ಅಜ್ಜಾ. ಸಾವಿರ ಸಾವಿರ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರೂ ಓದುತ್ತಲೇ ಇದ್ದ. ಪದ್ಮಜಾಗೆ ಮತ್ತೆ ಫೋನು ಮಾಡಲಿಲ್ಲ. ತೆಗಿ ಎಂಬ ಎರಡಕ್ಷರ ಹೇಳಲಿಲ್ಲ. ಆ ದಿನದಿಂದ ಕಮಲಾಪುರದ ದಾರಿಯನ್ನೇ ಬಿಟ್ಟ.

ಬಸ್ಸು ಕಮಲಾಪುರದಲ್ಲಿ ನಿಂತಾಗ ಮೂರೂವರೆಯಾಗಿತ್ತು. ಓಣಿ ತಿರುಗುವವರೆಗೂ ಅವನು ಬೈಗುಳಕ್ಕೆ ತಯಾರಾಗುತ್ತಲೇ ಬಂದ. ಮೇಳದ ಹಿರಿಯರು ಬೈಯುತ್ತಾರೆ, ಯಾವನಾದರೂ ಕೊರಳಪಟ್ಟಿ ಹಿಡಿಯಬಹುದು, ಹಿಡಿದರೆ ಒಳ್ಳೆಯದೇ, ತಾನೂ ಎರಡು ಕೊಟ್ಟು ಎರಡು ತಿಂದು ಆಮೇಲೆ ಕಾಲಿಗೆ ಬೀಳಬಹುದು. ಅಂಗಳದಲ್ಲಿ ಅವನು ಕಂಡ ಕೂಡಲೇ ಮಂದಿ ಎದ್ದು ದಾರಿ ಬಿಟ್ಟರು. “ಬಂದ್ರು ಬಂದ್ರು.” “ನಮ್ಮ ಊರಿನ ಹೆಸರು ತಂದವರು.” “ಕುರ್ಚಿ ಹಾಕ್ರೋ ಅವರಿಗಿ.” ಮೇಳದ ಎಲ್ಲರಿಗಿಂತ ಹಿರಿಯ, ಒಂದು ಕಾಲಕ್ಕೆ ಇವನು ತಾಳ ತಪ್ಪಿದರೆ ತಲೆಗೆ ಮೊಟಕುತ್ತಿದ್ದ ಮುದುಕ, ಇವನ ಕೈ ಹಿಡಿದು, “ನನ್ನ ಮೊಮ್ಮಗಳ ಲಗ್ನದಾಗೂ ನಿಂದೇ ಹಾಡು ಹಚ್ಚಿದ್ವಿ ನೋಡಪಾ” ಎಂದ. ಲಗ್ನದಲ್ಲಿ. ಈ ಪದವನ್ನು. ಹೆಣದ ಮುಂದಲ್ಲದೆ ಬಾಯಿಗೆ ಬಂದರೆ ತುಟಿ ಸುಡ್ತದೆ ಎಂದು ತನ್ನನ್ನು ಹೆದರಿಸಿದವನು ಇವನೇ. “ಏನಂದ್ರಿ?” ಎಂದ. “ಎಲ್ಲಾರೂ ಹಚ್ಚತಾರಪಾ ಈಗ” ಎಂದು ಮುದುಕ ನಕ್ಕ. ಬೈಯುವವರು ಒಬ್ಬರೂ ಇಲ್ಲ. ಅಂಗಳದ ತುಂಬ ಒಬ್ಬರೂ ಇಲ್ಲ. ಬೈಗುಳಕ್ಕೆ ಬಿಗಿ ಹಿಡಿದಿದ್ದ ಮೈ ಹಿಡಿಯಲು ಏನೂ ಸಿಗದೆ ಜೋಲಿ ಹೊಡೆಯಿತು, ಶಬ್ಬೀರ್ ತೋಳು ಹಿಡಿದ.

ಶಿವಕಾಂತಮ್ಮ ಗೋಡೆಗೆ ಕೂತಿದ್ದಳು. ಹಸಿರು ಸೀರೆ, ಹಣೆ ತುಂಬ ವಿಭೂತಿ, ಎದೆಯ ಮೇಲೆ ಚೆಂಡುಹೂವಿನ ಮಾಲೆ. ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ ಇರದಿದ್ದರೆ ಅವತ್ತು ಹುಡುಗಿಯೊಂದಿಗೆ ಚೇಷ್ಟೆ ಮಾಡುತ್ತ ಕೂತ ಹಾಗೆಯೇ. ಅದೇ ಗೋಡೆ. ಬಾಗಿಲಲ್ಲಿ, ಕಿಟಕಿಯಲ್ಲಿ ಏಳೆಂಟು ಫೋನುಗಳು ಆಗಲೇ ಮೇಲೆದ್ದಿದ್ದವು. ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಳು ಅಳು ನಿಲ್ಲಿಸಿ, ಮೂಗು ಒರಸಿಕೊಂಡು, ಬಾಜೂದವಳಿಗೆ “ಇಕಾ, ಈಗ ಹಾಡ್ತಾರ ನೋಡು” ಎಂದಳು. ಶಬ್ಬೀರ್ ಮೂಲೆಯಲ್ಲಿ ಕೂತು ಢೋಲಕಿನ ಹಗ್ಗ ಬಿಗಿದ. ಅಣವೀರಪ್ಪ ಚೀಲಕ್ಕೆ ಕೈ ಹಾಕಿ ತಾಳ ತೆಗೆಯುವಾಗ ಸುನಂದಾ ಬಂದು, “ಅಣ್ಣಾ, ಹಿತ್ತಲಕ್ಕ ಬರ್ರಿ ಒಂಚೂರು” ಎಂದಳು.

ಹಿತ್ತಲಲ್ಲಿ ಹೆಣ ತೊಳೆದ ನೀರು ಇನ್ನೂ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಸುನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ. “ತಂಗಿ, ನನ್ನ ತಪ್ಪು ಅದ. ಬೈ. ಚಪ್ಪಲಿ ತಗೊಂಡು ಹೊಡಿ ಬೇಕಾದ್ರ. ನಾ ಹೆಸರು ಹಾಕಿದ್ದಿಲ್ಲ, ಅದೊಂದು ನಂಬು.”

“ಬೈಯಾಕ ಕರದಿಲ್ಲ ಅಣ್ಣಾ.” ಅವಳು ನೀರು ಹರಿಯುವುದನ್ನು ನೋಡುತ್ತಿದ್ದಳು. “ಅವ್ವ ನಿಮಗ ಒಂದು ಮಾತು ಹೇಳಿಟ್ಟಾಳ. ನೀವು ಫೋನ್ ಎತ್ತಲಿಲ್ಲ. ಎತ್ತಿದ್ರ ಆಗೇ ಹೇಳತಿದ್ಳು.”

“ಏನಂದ್ಳು? ಥೂ ಅಂದ್ಳೇನು?”

“ಎಲ್ಲೀದು. ಬಾಜೂಮನಿ ಹುಡಿಗಿ ಬಂದು ಮೊಬೈಲ್ ತೋರಿಸಿದ್ಳು. ನನಗ ಎದಿ ಧಸಕ್ ಅಂತು, ಕಸಗೊಂಡೆ. ಅವ್ವ ಬಿಡಲಿಲ್ಲ. ಮೂರು ಸಲ ನೋಡಿದ್ಳು. ಆಮ್ಯಾಲ ಎದ್ದು ನೀರು ಹಾಕ್ಕೊಂಡು, ವಿಭೂತಿ ಹಚ್ಕೊಂಡು ಬಂದು ಕೂತ್ಳು. ‘ಅಣವೀರ ನನ್ನ ಎಬ್ಬಿಸ್ಯಾನ, ನಂದು ಆತು’ ಅಂದ್ಳು.”

ಅಣವೀರಪ್ಪನಿಗೆ ನಿಂತ ನೆಲ ಒಂದು ಬೆರಳು ಕೆಳಗೆ ಇಳಿದಂತಾಯಿತು. “ಅದು ಜಾಹೀರಾತು ತಂಗಿ. ಚಿಪ್ಸಿಂದು.”

“ನಾ ಹೇಳಲಿಲ್ಲೇನು? ಹತ್ತು ಸಲ ಹೇಳೀನಿ. ‘ಅವ್ವಾ ಅದು ಸುಳ್ಳದ, ಮಷೀನ್ ಹಾಡ್ಯದ, ಹೆಸರು ಸೈತ ನಿಂದಲ್ಲ’ ಅಂದೆ. ‘ಹೆಸರು ತಪ್ಪ್ಯಾನ, ಆದ್ರ ಮಾರಿ ನಂದೇ, ದನಿ ಅವಂದೇ, ಕೂತ ಗ್ವಾಡಿ ನಂದೇ. ಮತ್ತೇನ್ ಬೇಕ? ಅವನಿಗಿ ಸುಳ್ಳು ಹಾಡಾಕ ಬರಂಗಿಲ್ಲ’ ಅಂದ್ಳು. ಮರುದಿನಾನೇ ಸಂದೂಕ ತೆಗದು ಸೀರಿ ಹಂಚಿದ್ಳು. ಬಂಗಾರದ ಬೋರಮಾಳ ನನ್ನ ಕೊಳ್ಳಾಗ ಹಾಕಿದ್ಳು. ಯಾರರೆ ಆರಾಮಿದ್ದೀರೇನ್ರಿ ಅಂದ್ರ, ‘ನಾ ಹೋಗಿ ಆಗ್ಯದ, ಇದು ಉಳಿದ ಸಾಮಾನ’ ಅಂತಿದ್ಳು. ಮೂರು ತಿಂಗಳು ಅಣ್ಣಾ. ನಕ್ಕೋತ ಇದ್ಳು ಬಿಡ್ರಿ, ಅತ್ತು ಕರದು ಏನೂ ಮಾಡಲಿಲ್ಲ. ಊಟಾನೂ ಛಂದ ಮಾಡತಿದ್ಳು. ನನಗೇ ಒಂದೊಂದು ಹೊತ್ತು ಅಡಗಿ ಮನ್ಯಾಗ ನಿಂತು, ಹೊರಗ ಕೂತಾಕಿ ಇದ್ದಾಳೋ ಇಲ್ಲೋ ಅಂತ ಇಣಿಕಿ ನೋಡೂಹಂಗ ಆಗತಿತ್ತು.”

ಬಾಳೆಯ ಎಲೆಯ ಮೇಲೆ ಒಂದು ಇರುವೆ ಸಾಲು ಹೋಗುತ್ತಿತ್ತು. ಅವನು ಅದನ್ನೇ ನೋಡಿದ. ತಾನು ಮಿಲ್ಲಿನ ಪಾಯಖಾನೆಯಲ್ಲಿ ಕೂತು, ಈ ಮನುಷ್ಯನಿಗೆ ನಾಟಕ ಬರುವುದಿಲ್ಲ ಎಂಬ ಯಾರದೋ ಮಾತನ್ನು ಐದನೆಯ ಸಲ ಓದುತ್ತಿದ್ದಾಗ, ಇಲ್ಲಿ ಒಬ್ಬಳು ಅದೇ ಮಾತು ಹೇಳಿ, ಹೇಳಿದ ಮೇಲೆ ಅದರ ಪ್ರಕಾರ ನಡೆದು, ಪೆಟ್ಟಿಗೆ ಖಾಲಿ ಮಾಡಿ ಗೋಡೆಗೆ ಕೂತಿದ್ದಳು. ಸಾವಿರ ಮಂದಿ ಅಸಲಿ ಅಂದು ಬೆರಳಿನಿಂದ ಮುಂದಕ್ಕೆ ಸರಿಸಿದ್ದನ್ನು ಅಸಲಿ ಎಂದೇ ಹಿಡಿದವಳು ಇವಳೊಬ್ಬಳು. ಒಂದು ಸಲ ಬಂದು, ಅವ್ವಾ ಅದು ನಾನು ಹಾಡಿದ್ದಲ್ಲ ಎಂದಿದ್ದರೆ? ಅವನೇ ಹೇಳಿದ್ದರೆ ನಂಬುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು. ಮೂವತ್ತೇಳು ಕಿಲೋಮೀಟರು, ಒಂದು ಬಸ್ಸು.

“ಹಾಡ್ತೀನಿ ತಂಗಿ” ಎಂದ. “ಈಗ ಸರಿಯಾಗಿ ಹಾಡ್ತೀನಿ. ಹೆಸರು ಹಾಕಿ ಹಾಡ್ತೀನಿ. ಶಿವಕಾಂತಮ್ಮ ಅಂತ ಹಾಡ್ತೀನಿ.”

ಸುನಂದಾ ಮೊದಲ ಸಲ ಅವನ ಮುಖ ನೋಡಿದಳು. “ಒಬ್ಬರಿಗಿ ಒಂದೇ ಸಲ ಅಲ್ಲೇನ್ರಿ ಅಣ್ಣಾ? ಅಪ್ಪ ಅದನ್ನೇ ಅಂತಿದ್ರು. ‘ಮತ್ತ ಹಾಡಿಸಬ್ಯಾಡ್ರಿ, ಎದ್ದಾಕೀನ ಮತ್ತ ಎಬ್ಬಿಸಿದ್ರ ಎಲ್ಲಿಗಿ ಹೋಗಬೇಕ ನಾ’ ಅಂದಾಳ ಅವ್ವ. ನನ್ನ ಕೈ ಹಿಡದು ಆಣಿ ಮಾಡಿಸ್ಕೊಂಡಾಳ. ಸಾದಾ ಪದ ಹಾಡ್ರಿ, ದಾರಿ ತುಂಬ ಹಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಎತ್ತೂ ಮುಂದ ಮಾತ್ರ ಹಾಡಬ್ಯಾಡ್ರಿ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗಾಗಿ ಅವನು ಅವಳ ಕಣ್ಣಲ್ಲಿ ಹುಡುಕಿದ. ಅಲ್ಲಿ ಮೂರು ತಿಂಗಳಿನ ನಿದ್ದೆಗೇಡು ಬಿಟ್ಟು ಬೇರೇನೂ ಕಾಣಲಿಲ್ಲ. ಒಳಗಿನಿಂದ, ಸಾವಿನ ಕ್ರಿಯೆ ಮಾಡಿಸುತ್ತಿದ್ದ ಜಂಗಮಯ್ಯ ಕೂಗಿದ: “ಹೊತ್ತಾತು, ಎತ್ತೂನೇನ್ರಿ?”

ಅವನು ಒಳಗೆ ಬಂದು ತನ್ನ ಜಾಗದಲ್ಲಿ, ಹೆಣದ ಎದುರು, ನಿಂತ. ಮೂವತ್ತು ವರ್ಷ ನಿಂತ ಜಾಗ ಬಿಟ್ಟು ಬೇರೆ ಎಲ್ಲಿ ನಿಲ್ಲಬೇಕು ಎಂಬುದು ಕಾಲಿಗೆ ಗೊತ್ತಿರಲಿಲ್ಲ. ವಿಮಾನ ಅಂಗಳಕ್ಕೆ ಬಂದಿತ್ತು, ನಾಲ್ಕು ಮೂಲೆಗೂ ಬಾಳೆಕಂಬ. ನಾಲ್ವರು ಗಂಡಸರು ಹೆಣದ ಎರಡೂ ಬದಿಗೆ ಬಗ್ಗಿದರು. ಫೋನುಗಳು ಇನ್ನಷ್ಟು ಮೇಲೆದ್ದವು. ಶಬ್ಬೀರ್ ಇವನ ಮುಖ ನೋಡುತ್ತ ಕೈ ಎತ್ತಿ ಹಿಡಿದ, ಇವನ ಉಸಿರಿಗೆ ಕಾಯುವ ಕೈ. ಗಂಟಲು ತಾನಾಗಿಯೇ ತಯಾರಾಗುತ್ತಿತ್ತು. ಮೊದಲ ಅಕ್ಷರ ನಾಲಿಗೆಯ ಬುಡಕ್ಕೆ ಬಂದು ಒತ್ತುತ್ತಿತ್ತು. ಅದನ್ನು ತಡೆಯಲು ಅವನು ಹಲ್ಲು ಕಚ್ಚಿದ. ಇಷ್ಟು ಕಷ್ಟ ಅದನ್ನು ಕಲಿಯುವಾಗಲೂ ಆಗಿರಲಿಲ್ಲ.

“ಕಾಕಾ, ಸುರು ಮಾಡ್ರಿ. ಎತ್ತಾಕತ್ತಾರ” ಎಂದು ಕಿಟಕಿಯಿಂದ ಯಾರೋ ಪಿಸುಗುಟ್ಟಿದರು.

“ಹಾಡಿ ಆಗ್ಯದ” ಎಂದ ಅಣವೀರಪ್ಪ.

“ಯಾವಾಗ್ರಿ? ನಾವು ಕೇಳೇ ಇಲ್ಲ.”

ಶಬ್ಬೀರ್ ಎತ್ತಿದ ಕೈಯನ್ನು ನಿಧಾನಕ್ಕೆ ಢೋಲಕಿನ ಮೇಲೆ ಸದ್ದಾಗದಂತೆ ಇಳಿಸಿದ. ನಾಲ್ವರೂ ಒಮ್ಮೆಲೇ ಎತ್ತಿದರು. ಆಗ ಅವನಿಗೆ ಕೇಳಿಸಿತು. ನೂರಾರು ಹೆಣ ಎತ್ತುವಾಗ ಎದುರಿಗೆ ನಿಂತಿದ್ದವನು, ತನ್ನದೇ ದನಿ ಕಿವಿ ತುಂಬಿರುತ್ತಿದ್ದರಿಂದ, ಆ ಗಳಿಗೆಯಲ್ಲಿ ಏನು ಸದ್ದಾಗುತ್ತದೆ ಎಂಬುದನ್ನು ಒಮ್ಮೆಯೂ ಕೇಳಿರಲಿಲ್ಲ. ಗೋಡೆಯ ಸುಣ್ಣಕ್ಕೆ ಅಂಟಿದ್ದ ಸೀರೆ ಚರ್ ಎಂದು ಬಿಟ್ಟುಕೊಂಡಿತು. ಮಡಿಸಿದ ಮೊಣಕಾಲಿನ ಕೀಲು ಒಂದು ಸಣ್ಣ ಒಣ ಕಡ್ಡಿ ಮುರಿದಂತೆ ಅಂದಿತು. ಎತ್ತಿದವರಲ್ಲಿ ಒಬ್ಬ ತಿಣುಕಿದ. “ಹುಷಾರ್, ಹುಷಾರ್, ತೆಲಿ” ಎಂದ ಇನ್ನೊಬ್ಬ, ಸಾಮಾನು ಇಳಿಸುವಾಗ ಅನ್ನುವ ಹಾಗೆ. ಮತ್ತು ಸುನಂದಾಳ ಗಂಟಲಿನಿಂದ, ಬಾಯಿ ಮುಚ್ಚಿಕೊಂಡಿದ್ದರೂ, ಮೂರು ತಿಂಗಳಿಂದ ಒಳಗೇ ಇದ್ದ ಒಂದು ಸದ್ದು ಹೊರಗೆ ಬಂತು. ಅದಕ್ಕೆ ರಾಗ ಇರಲಿಲ್ಲ, ಮಾತು ಇರಲಿಲ್ಲ, ಎಲ್ಲಿ ಮುಗಿಯಬೇಕು ಎಂಬುದೂ ಅದಕ್ಕೆ ಗೊತ್ತಿರಲಿಲ್ಲ. ಅಣವೀರಪ್ಪ ಕಿವಿ ಮುಚ್ಚಿಕೊಳ್ಳಲು ಎತ್ತಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಆಮೇಲೆ ಅವನು ಕೈ ಕೆಳಗೆ ಬಿಟ್ಟು, ಪೂರ್ತಿ ಕೇಳುತ್ತ ನಿಂತ.